ವಿಭೂತಿ ಹಚ್ಚಿದ ಚೀಲ

ಆಲ್ದೂರಿನಲ್ಲಿ ಮೆಣಸು, ಕಾಫಿ ವ್ಯಾಪಾರ ಮಾಡುವ ರುದ್ರೇಶನ ಮಗಳು ಗಾನಶ್ರೀಗೆ ಹುಟ್ಟಿನಿಂದ ಬಂದ ರಕ್ತದ ಕಾಯಿಲೆ. ತಿಂಗಳು ತಿಂಗಳೂ ಚಿಕ್ಕಮಗಳೂರಿಗೆ ಕರೆದೊಯ್ದು ರಕ್ತ ಕೊಡಿಸಬೇಕು. ಹೆಂಡತಿ ಶಿಲ್ಪಾ ಮತ್ತೆ ಬಸುರಿಯಾದಾಗ ಡಾಕ್ಟರು ಒಂದು ದಾರಿ ಹೇಳಿದರು. ಕೂಸು ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯಲ್ಲಿ ಉಳಿದ ರಕ್ತವನ್ನು ಚೀಲಕ್ಕೆ ಇಳಿಸಿಕೊಂಡು, ಬೆಂಗಳೂರಿನಲ್ಲಿ ಮಂಜುಗಡ್ಡೆಗಿಂತ ತಣ್ಣಗೆ ಕಾಪಾಡುತ್ತಾರೆ. ಹೊಂದಿಕೆಯಾದರೆ ಅಕ್ಕನಿಗೆ ಕೊಟ್ಟು ಕಾಯಿಲೆ ವಾಸಿ ಮಾಡಬಹುದು.

ರಕ್ತ ಕಾಪಾಡುವ ಕಂಪನಿಯಿಂದ ಚೀಲದ ಪೆಟ್ಟಿಗೆ ಕೊರಿಯರಿನಲ್ಲಿ ಬಂತು. ಆ ಮನೆಗೆ ಯಾವ ಹೊಸ ವಸ್ತು ಬಂದರೂ, ತೋಟಕ್ಕೆ ಔಷಧಿ ಹೊಡೆಯುವ ಪಂಪಾದರೂ ಸರಿ, ವಿಭೂತಿ ಹಚ್ಚದೆ ಬಳಸುವವರಲ್ಲ. ರುದ್ರೇಶನ ತಾಯಿ ಸಿದ್ದಗಂಗಮ್ಮ ಮಿಂದು, ಲಿಂಗಪೂಜೆ ಮುಗಿಸಿ, ಪೆಟ್ಟಿಗೆ ಬಿಚ್ಚಿದರು. ಒಳಗಿನ ಕವರನ್ನೂ ಹರಿದು ಚೀಲಕ್ಕೆ ಮೂರು ಗೆರೆ ಎಳೆದು, ಕೈಮುಗಿದು, ಮೊದಲಿನ ಹಾಗೇ ಮಡಚಿಟ್ಟರು. ಚೀಲಕ್ಕೂ ಅದರದೇ ಒಂದು ಮಡಿಯಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಹೆರಿಗೆಯ ದಿನ ಆಸ್ಪತ್ರೆಯಲ್ಲಿ ಸಿಸ್ಟರ್ ಪೆಟ್ಟಿಗೆ ತೆರೆದವರು ಅದನ್ನು ಹಿಡಿದುಕೊಂಡೇ ಹೊರಗೆ ಬಂದರು.

"ಇದನ್ನ ಯಾರು ಬಿಚ್ಚಿದ್ದು?"

"ನಾನೇ ಕಣವ್ವ," ಎಂದರು ಸಿದ್ದಗಂಗಮ್ಮ. "ಸ್ವಾಮಿ ಹೆಸರಲ್ಲಿ ವಿಭೂತಿ ಇಟ್ಟೆ."

"ಇದ್ರಲ್ಲಿ ಇನ್ನು ರಕ್ತ ಹಿಡಿಯಂಗಿಲ್ಲ ಅಮ್ಮ."

"ಒರೆಸಿದ್ರಾಯ್ತಲ್ಲ?"

"ಕವರ್ ಹರಿದ್ರೆ ಕ್ರಿಮಿ ಸೇರುತ್ತೆ. ಆಮೇಲೆ ಅದು ನಿಮ್ ಮೊಮ್ಮಗಳ ಮೈಗೇ ಹೋಗೋದು."

ರುದ್ರೇಶ ಕಂಪನಿಗೆ ಫೋನು ಮಾಡಿದ. ಇನ್ನೊಂದು ಚೀಲ ಹಾಸನದಿಂದ ಬರಬೇಕು ಎಂದರು.

"ಕೂಸು ಹಾಸನದ ಬಸ್ಸು ಕಾಯ್ಕೊಂಡು ಕೂರುತ್ತಾ ಸಾರ್?" ಎಂದು ಸಿಸ್ಟರ್ ಒಳಗೆ ಹೋದರು.

ಗಂಡುಮಗು ಹುಟ್ಟಿತು. ಚೀಲವಿಲ್ಲದ್ದರಿಂದ ಡಾಕ್ಟರಿಗೆ ಅವಸರವಿರಲಿಲ್ಲ. ಬಳ್ಳಿಯ ಮಿಡಿತ ತಾನಾಗಿ ನಿಲ್ಲಲೆಂದು ಬಿಟ್ಟರು. ಅಕ್ಕನಿಗೆಂದು ಕಾದಿದ್ದ ರಕ್ತದಲ್ಲಿ ಒಂದಷ್ಟು ತಮ್ಮನ ಮೈಗೇ ಹರಿಯಿತು. ಉಳಿದದ್ದು ಮಾಸಿನ ಜೊತೆ ಹೋಯಿತು.

"ಇವನು ಸ್ವಲ್ಪ ಬೆಳೀಲಿ," ಎಂದರು ಡಾಕ್ಟರು ಶಿಲ್ಪಾಳಿಗೆ. "ಹೊಂದಿಕೆ ಆದ್ರೆ ಇವನ ಮೂಳೆಮಜ್ಜೆ ತಗೋಬಹುದು. ಕಾಯ್ಬೇಕು ಅಷ್ಟೆ."

ರುದ್ರೇಶ ತಾಯಿಯೊಡನೆ ಮಾತು ಬಿಟ್ಟ. ಶಿಲ್ಪಾ ಬಾಣಂತಿ. ಮುಂದಿನ ಸಲ ಗಾನಶ್ರೀಯನ್ನು ರಕ್ತಕ್ಕೆ ಕರೆದೊಯ್ಯುವಾಗ, ಸೂಜಿ ನೋಡಲಾರೆನೆಂದು ಎಂದೂ ಹೋಗದಿದ್ದ ಸಿದ್ದಗಂಗಮ್ಮ ಎಲ್ಲರಿಗಿಂತ ಮೊದಲು ಜೀಪು ಹತ್ತಿ ಕುಳಿತಿದ್ದರು.

"ಅಜ್ಜಿ, ಇದು ತಮ್ಮನ ರಕ್ತನಾ?" ಆಸ್ಪತ್ರೆಯ ಮಂಚದ ಮೇಲಿಂದ ಹುಡುಗಿ ಕೇಳಿದಳು.

"ಅಲ್ಲ ಕಂದ. ಅದನ್ನ ನಾನು ಕೆಡಿಸ್ಬಿಟ್ಟೆ. ಅವನು ದೊಡ್ಡೋನಾಗ್ಬೇಕು."

"ಅಲ್ಲೀತನಕ ನೀನೇ ಬರ್ತೀಯಾ?"

"ಬರ್ತೀನಿ."

ಸೂಜಿ ಚುಚ್ಚಿದಾಗ ಮಂಚದ ಪಕ್ಕ ನಿಂತಿದ್ದ ಸಿದ್ದಗಂಗಮ್ಮ ಕಣ್ಣು ಮುಚ್ಚಲಿಲ್ಲ. ರುದ್ರೇಶ ಮೂಲೆಯಲ್ಲಿದ್ದ ಸ್ಟೂಲನ್ನು ಎಳೆದು ತಂದು ತಾಯಿಯ ಹಿಂದೆ ಇಟ್ಟ.