ಎಂಜಿ ಕಾರಿಗೆ ಅಂಬಾಸಿಡರ್ ಇಂಜಿನ್

ಕದಿರಪ್ಪ ಮಗನ ಜೊತೆ ಮಾತು ಬಿಟ್ಟು ಎರಡು ತಿಂಗಳ ಮೇಲಾಗಿತ್ತು. ಬಿಟ್ಟದ್ದು ಮಾತನ್ನು ಮಾತ್ರ, ಬೈಗುಳವನ್ನಲ್ಲ. ಬೆಳಿಗ್ಗೆ ನಾಗೇಶ್ ಬಂಗಾರಪೇಟೆಯ ಗ್ರಾನೈಟ್ ಫ್ಯಾಕ್ಟರಿಗೆ ಹೊರಡಲು ಬೈಕು ಒದೆಯುತ್ತಿದ್ದರೆ ಅಪ್ಪ ಕೊಟ್ಟಿಗೆಯ ಕಡೆ ಮುಖ ಮಾಡಿ, ಹಸುವಿಗೆ ಹೇಳುವವನಂತೆ, "ಅದ್ನೂ ಒಡ್ದಾಕ್ತಾನೆ ನೋಡು. ಉಳ್ದಿರೋದು ಅದೊಂದೇ" ಎನ್ನುತ್ತಿದ್ದ. ನಾಗೇಶ್ ಹಲ್ಲು ಕಚ್ಚಿಕೊಂಡು ಹೊರಟುಹೋಗುತ್ತಿದ್ದ.

ಸಿಟ್ಟಿಗೆ ಕಾರಣ ಕೊಟ್ಟಿಗೆಯ ಪಕ್ಕದ ಶೆಡ್ಡಿನಲ್ಲಿ ನಿಂತಿತ್ತು. ಹಸಿರು ಬಣ್ಣದ, ಎರಡೇ ಸೀಟಿನ, ಮೂಗು ನೆಲಕ್ಕೆ ಬಗ್ಗಿಸಿಕೊಂಡ ಹಳೇ ಎಂಜಿ ಕಾರು. ಚಿನ್ನದ ಗಣಿಯ ಇಂಗ್ಲಿಷ್ ಇಂಜಿನಿಯರನೊಬ್ಬ ಬಿಟ್ಟುಹೋದದ್ದು ಎರಡು ಮೂರು ಕೈ ದಾಟಿ, ಗಣಿಯ ಪಕ್ಕದ ಊರಿಗಾಂನ ಒಂದು ಬಂಗಲೆಯ ಹಿಂದೆ ಕೋಳಿಗೂಡಾಗಿ ಬಿದ್ದಿತ್ತು. ಗಣಿಯ ಮೋಟಾರ್ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದ ಕದಿರಪ್ಪ ಅದನ್ನು ಎತ್ತಿನಗಾಡಿಗೆ ಕಟ್ಟಿ ಬೇತಮಂಗಲದ ದಾರಿಯ ತನ್ನ ಹಳ್ಳಿಗೆ ಎಳೆತಂದಾಗ ಜನ ನಕ್ಕಿದ್ದರು. ಆರು ವರ್ಷ ಹಿಡಿಯಿತು. ಏಳನೆಯ ವರ್ಷ ಕಾರು ಓಡಿತು. ಗಣಿ ಮುಚ್ಚಿದ ಮೇಲೂ ಓಡಿತು. ಭಾನುವಾರಕ್ಕೊಮ್ಮೆ ಕೆರೆ ಕಟ್ಟೆಯ ತನಕ ಹೋಗಿ ಬರುವುದು, ಬಂದು ಒರೆಸಿ ನಿಲ್ಲಿಸುವುದು. ಸ್ಟೇರಿಂಗನ್ನು ಇನ್ನೊಬ್ಬರು ಮುಟ್ಟುವಂತಿರಲಿಲ್ಲ.

ಅಂಥ ಕಾರನ್ನು, ಕದಿರಪ್ಪ ಕಣ್ಣು ತೋರಿಸಲು ಕೋಲಾರಕ್ಕೆ ಹೋಗಿದ್ದ ದಿನ, ನಾಗೇಶ್ ಗೆಳೆಯನ ಮದುವೆಯ ಮೆರವಣಿಗೆಗೆ ತೆಗೆದುಕೊಂಡು ಹೋಗಿದ್ದ. ಬಂಗಾರಪೇಟೆ ಇನ್ನು ಎರಡು ಮೈಲಿ ಇದೆ ಎನ್ನುವಾಗ ಬಾನೆಟ್ ಒಳಗೆ ಸುತ್ತಿಗೆಯಲ್ಲಿ ಬಡಿದಂಥ ಸದ್ದಾಯಿತು. ಕನೆಕ್ಟಿಂಗ್ ರಾಡು ಮುರಿದು ಇಂಜಿನ್ನಿನ ಪಕ್ಕೆ ಸೀಳಿ ಆಚೆ ಬಂದಿತ್ತು. ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ, ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನ ನಡುವೆಯೇ ಎಳೆದುಕೊಂಡು ಬಂದರು. ಕೋಲಾರದಿಂದ ಬಂದ ಕದಿರಪ್ಪ ಬಸ್ಸಿನಿಂದ ಇಳಿದಾಗ ಕಂಡದ್ದು ಅದನ್ನೇ.

"ಆಯಿಲ್ ನೋಡ್ದೆ ಕಣಪ್ಪ. ಸರಿಯಾಗೇ ಇತ್ತು. ನಲವತ್ತರ ಮೇಲೆ ಓಡ್ಸಿಲ್ಲ. ಆಯಿಲ್ ಮೀಟರ್ ಸೂಜಿ ಒಂದೇ ಸಲ ಬಿದ್ದೋಯ್ತು" ಎಂದು ನಾಗೇಶ್ ಮೂರು ಸಲ ಹೇಳಿದ. ಕದಿರಪ್ಪ ನಂಬಲಿಲ್ಲ. ಆ ವಾರವೇ ಡೈರಿಯ ಮುಂದೆ, ಹಾಲು ಹಾಕಲು ಸಾಲು ನಿಂತಿದ್ದವರ ಎದುರಿಗೆ, ಮಗನನ್ನು ತೋರಿಸಿ ಕೂಗಿದ: "ನೋಡ್ರಪ್ಪಾ, ಮೀಟರ್ ನೋಡೋಕೆ ಬರ್ದಿರೋ ಮುಂಡೇದು! ನಲವತ್ತೆರಡು ವರ್ಷಕ್ಕೆ ಮೆರವಣಿಗೆ ಬೇಕಾಗಿತ್ತು ಇವನ್ಗೆ!" ಜನ ನಕ್ಕರು. ನಾಗೇಶ್ ಕ್ಯಾನನ್ನು ಅಲ್ಲೇ ಇಟ್ಟು ಬಂದ. ಅಂದಿನಿಂದ ಡೈರಿಗೆ ಹಾಲು ಹಾಕಲು ಅವನ ಹೆಂಡತಿ ಅರುಣಕುಮಾರಿಯೇ ಹೋಗಬೇಕಾಯಿತು.

ಕಾರನ್ನು ಮುಟ್ಟಲು ಕದಿರಪ್ಪ ಯಾರನ್ನೂ ಬಿಡಲಿಲ್ಲ. ತಾನೂ ಮುಟ್ಟಲಿಲ್ಲ. ಎಪ್ಪತ್ತನಾಲ್ಕರ ಕೈಗಳು ನಡುಗುತ್ತಿದ್ದವು. ಟೀ ಲೋಟವನ್ನೇ ಎರಡೂ ಕೈಯಲ್ಲಿ ಹಿಡಿಯಬೇಕಿತ್ತು. ಆ ನಡುಕದ ಮೇಲಿನ ಕೋಪವೂ ಮಗನ ತಲೆಯ ಮೇಲೆಯೇ ಬೀಳುತ್ತಿತ್ತು.

ಕೊನೆಗೆ ರೇಗಿದವಳು ಅರುಣ. ಮೇವು ಕತ್ತರಿಸುವ ಮೆಷಿನ್ನು, ಹಾಲು ಕರೆಯುವ ಮೆಷಿನ್ನು, ಬೋರ್‌ವೆಲ್ಲಿನ ಸ್ಟಾರ್ಟರು, ಮನೆಯಲ್ಲಿ ಏನು ಕೆಟ್ಟರೂ ಬಿಚ್ಚಿ ಕಟ್ಟುವವಳು ಅವಳೇ. ಒಂದು ಮಧ್ಯಾಹ್ನ ಮುದ್ದೆಯ ತಟ್ಟೆಯನ್ನು ಮಾವನ ಮುಂದೆ ಕುಕ್ಕಿದಳು.

"ಮಾವ, ಈ ಮನೇಲಿ ಎರಡು ತಿಂಗಳಿಂದ ಒಬ್ರೂ ನೆಟ್ಟಗೆ ಉಂಡಿಲ್ಲ. ಅತ್ತೆ ಅಳ್ತಾರೆ, ಅವ್ರು ಬೈಕೊಂಡು ಓಗ್ತಾರೆ, ನೀವು ಅಸೂನ ಬೈತೀರ. ಬಂಗಾರಪೇಟೇಲಿ ಗುಜರಿ ವೆಂಕಿ ಅತ್ರ ಒಂದು ಅಂಬಾಸಿಡರ್ ಬಿದ್ದೈತೆ. ಪೆಟ್ರೋಲ್ ಇಂಜಿನ್ನು. ನೋಡ್ಕೊಂಡು ಬಂದಿದೀನಿ."

"ಟ್ಯಾಕ್ಸಿ ಇಂಜಿನ್ನಾ? ನನ್ ಕಾರ್‌ಗಾ?"

"ಎರಡೂ ಒಂದೇ ಮನೆ, ಒಂದೇ ಇಂಗ್ಲಿಷ್ ಕಂಪ್ನಿ ಇಂಜಿನ್ನು ಅಂತ ನನ್ ಮದ್ವೆ ಆದಾಗಿಂದ ಯೇಳ್ತಾ ಇದೀರಲ್ಲ! ಇವಾಗ ಟ್ಯಾಕ್ಸಿ ಆಗೋಯ್ತಾ?"

ಕದಿರಪ್ಪ ತಟ್ಟೆ ಪಕ್ಕಕ್ಕೆ ತಳ್ಳಿ ಎದ್ದ. ಮಾರನೆಯ ದಿನ ಪಂಚೆ ಕಟ್ಟಿ ಅವಳ ಹಿಂದೆ ಬಸ್ಸು ಹತ್ತಿದ.

ರೈಲು ಹಳಿಯ ಆಚೆ ವೆಂಕಿಯ ಗುಜರಿ. ಬಿಳಿ ಅಂಬಾಸಿಡರಿಗೆ ಬಾಗಿಲು ಎರಡೇ ಉಳಿದಿದ್ದವು. "ಏಮಣ್ಣಾ ಕದಿರಪ್ಪಣ್ಣಾ, ಇದ್ಯಾಕೆ ತಲೆನೋವು? ಯಾವ್ದಾದ್ರೂ ವ್ಯಾನ್ ಡೀಸೆಲ್ ಇಂಜಿನ್ ಕುಂಡ್ರಿಸು, ಮೈಲೇಜೂ ಬತ್ತದೆ" ಎಂದ ವೆಂಕಿ.

"ನಿನ್ ಎಂಡ್ತೀಗೆ ಮೀಸೆ ಬರ್ಸು, ಚೆನ್ನಾಗಿರ್ತದೆ" ಎಂದು ಕದಿರಪ್ಪ ಸಿಡಿದ. ಆಮೇಲೆ ಪ್ಲಗ್ಗು ಬಿಚ್ಚಿಸಿದ, ಅರುಣಳ ಕೈಯಲ್ಲಿ ಇಂಜಿನ್ ತಿರುಗಿಸಿದ, ಒಂದೊಂದು ಸಿಲಿಂಡರಿನ ಬಾಯಿಗೂ ಹೆಬ್ಬೆರಳು ಒತ್ತಿ ಗಾಳಿಯ ಒದೆತ ನೋಡಿದ. ಮೂರು ಚೆನ್ನಾಗಿ ಒದ್ದವು, ನಾಲ್ಕನೆಯದು ಸ್ವಲ್ಪ ಸೋಮಾರಿ. "ವಾಲ್ವು. ಉಜ್ಜಿದ್ರೆ ಆಯ್ತದೆ" ಎಂದ. ಎರಡು ತಿಂಗಳಲ್ಲಿ ಬೈಗುಳವಲ್ಲದ ಮೊದಲ ಮಾತು ಅದು.

ಇಂಜಿನ್ ಗೂಡ್ಸ್ ಆಟೋದಲ್ಲಿ ಊರಿಗೆ ಬಂತು. ಮೂರು ನೀಲಗಿರಿ ಮರದ ಕಂಬಗಳನ್ನು ತುದಿಯಲ್ಲಿ ಕಟ್ಟಿ, ಚೈನ್ ಪುಲ್ಲಿ ತೂಗುಹಾಕಿ, ಅರುಣ ಹಳೆಯ ಇಂಜಿನ್ನನ್ನು ಎತ್ತಿ ಕೆಳಗಿಟ್ಟಳು. ಕದಿರಪ್ಪ ಸ್ಟೂಲಿನ ಮೇಲೆ ಕೂತು ಹೇಳಿದ, ಅವಳು ಮಾಡಿದಳು. ಹೇಳಿದ್ದು ಎಂದರೆ ಕಿರುಚಿದ್ದು. "ಆ ಸ್ಪ್ಯಾನರ್ ಅಲ್ಲ! ಅಂಗಲ್ಲ! ನಟ್ಟಿನ ಮೂಲೆ ತಿಂದೋಗ್ತದೆ, ಕಣ್ ಎಲ್ಲಿಟ್ಟಿದ್ಯಾ?" ಒಂದು ಸಲ ಅವಳು ಸ್ಪ್ಯಾನರ್ ನೆಲಕ್ಕೆ ಎಸೆದು, "ಇನ್ನೊಂದು ಸಲ ಕೂಗಿದ್ರೆ ಈ ಇಂಜಿನ್ನು ತಿಪ್ಪೇಗೆ ಓಗ್ತದೆ" ಎಂದಳು. ಅರ್ಧ ಗಂಟೆ ಅವನು ನಟ್ಟುಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತ ಕೂತ. ಆಮೇಲೆ ಕೂಗಾಟ ಮತ್ತೆ ಶುರುವಾಯಿತು.

ಹೊಸ ಇಂಜಿನ್ನನ್ನು ಒಮ್ಮೆ ಇಳಿಸಿ ಅಳತೆ ನೋಡಿದಾಗ ತೊಡಕು ಕಂಡಿತು. ಅಂಬಾಸಿಡರಿನ ಆಯಿಲ್ ಚೇಂಬರು, ಎಂದರೆ ಇಂಜಿನ್ನಿನ ತಳದ ಎಣ್ಣೆಯ ತೊಟ್ಟಿ, ಎಂಜಿಯ ಅಡ್ಡಪಟ್ಟಿಗೆ ತಾಗುತ್ತಿತ್ತು. ಗೇರ್‌ಬಾಕ್ಸಿಗೆ ಕೂರಿಸುವ ಹಿಂದಿನ ಪ್ಲೇಟಿನ ತೂತುಗಳೂ ಬೇರೆ. ಹಳೆಯ ಇಂಜಿನ್ನಿನ ಚೇಂಬರು, ಪ್ಲೇಟು, ಫ್ಲೈವೀಲು ಬಿಚ್ಚಿ ಇದಕ್ಕೆ ಹಾಕಬೇಕು. ಬೇರೆ ದಾರಿಯಿಲ್ಲ.

ಸತ್ತ ಇಂಜಿನ್ನನ್ನು ಮಗ್ಗುಲಿಗೆ ಉರುಳಿಸಿ ಅರುಣ ಚೇಂಬರಿನ ಬೋಲ್ಟುಗಳನ್ನು ಬಿಚ್ಚಿದಳು. ಕಪ್ಪು ಎಣ್ಣೆ, ಲೋಹದ ಚೂರು, ಮುರಿದ ರಾಡಿನ ಅರ್ಧ. ಮತ್ತೆ, ಎಣ್ಣೆ ಎಳೆದುಕೊಳ್ಳುವ ಜಾಲರಿಯ ಬಾಯಿಗೆ ಗಟ್ಟಿಯಾಗಿ ಮೆತ್ತಿಕೊಂಡಿದ್ದ ಏನೋ ಒಂದು. ಬೆರಳಿನಲ್ಲಿ ಕಿತ್ತು, ಸೀಮೆಎಣ್ಣೆಯಲ್ಲಿ ಅದ್ದಿ ಹಿಂಡಿದಳು. ನೀಲಿ ಚೌಕುಳಿ ಮೂಡಿತು.

ಕದಿರಪ್ಪನ ಹಳೆಯ ಲುಂಗಿಯ ತುಂಡು. ಅವನು ಕೈ ಒರೆಸಲೆಂದೇ ಹರಿದಿಟ್ಟುಕೊಂಡಿದ್ದು.

ಮದುವೆಗೆ ಹತ್ತು ದಿನ ಮುಂಚೆ ಚೇಂಬರು ಬಿಚ್ಚಿ ತೊಳೆದಿದ್ದು ಅವನಿಗೆ ನೆನಪಾಯಿತು. ಕೈ ನಡುಗಿ ಬೋಲ್ಟು ಎರಡು ಸಲ ಬಿದ್ದದ್ದು, ಸಿಟ್ಟು ಬಂದು ಬೇಗ ಬೇಗ ಮುಚ್ಚಿದ್ದು. ಮೋಟಾರ್ ಶೆಡ್ಡಿನಲ್ಲಿ ಅವನಿಗೆ ಕೆಲಸ ಕಲಿಸಿದ ಕುಪ್ಪುಸ್ವಾಮಿ ಮೇಸ್ತ್ರಿ ಚೇಂಬರು ಮುಚ್ಚುವ ಮುಂಚೆ ಪ್ರತಿ ಸಲ "ತುಣಿ ಎಣ್ಣುಡಾ" ಎಂದು ತಲೆಗೆ ಮೊಟಕುತ್ತಿದ್ದ. ಬಟ್ಟೆ ಎಣಿಸೋ, ಎಂದು. ಮೂವತ್ತು ವರ್ಷ ಕದಿರಪ್ಪ ಎಣಿಸಿದ್ದ. ಆ ದಿನ ಎಣಿಸಿರಲಿಲ್ಲ. ಬಟ್ಟೆ ಎಣ್ಣೆಯಲ್ಲಿ ತೇಲಾಡಿ, ದೂರದ ಓಟದಲ್ಲಿ ಜಾಲರಿಗೆ ಅಂಟಿ, ಇಂಜಿನ್ನಿಗೆ ಎಣ್ಣೆ ನಿಲ್ಲಿಸಿತ್ತು. ಸೂಜಿ ಒಂದೇ ಸಲ ಬಿದ್ದಿತ್ತು. ಮಗ ಹೇಳಿದ್ದು ನಿಜ.

ಅರುಣ ಮಾವನ ಮುಖ ನೋಡಿದಳು.

"ಏನ್ ನೋಡ್ತೀಯಾ? ಓಗು ಆ ಕಡೆ!" ಎಂದು ಅವನು ಗುಡುಗಿದ.

ಅವಳು ಹೋಗಲಿಲ್ಲ. "ನೀವು ಯೇಳ್ತೀರೋ, ನಾನು ಯೇಳ್ಲೋ?"

ಕದಿರಪ್ಪ ಬಟ್ಟೆಯನ್ನು ಕಿತ್ತುಕೊಂಡು ಹೊರಟ. ಸಾಯಂಕಾಲದ ಹಾಲಿನ ಹೊತ್ತು. ಡೈರಿಯ ಮುಂದೆ ಕ್ಯಾನುಗಳ ಸಾಲು, ಒಳಗೆ ಸೆಕ್ರೆಟರಿ ವೆಂಕಟೇಶಪ್ಪ ಹಾಲು ಅಳೆಯುತ್ತಿದ್ದ. ಕದಿರಪ್ಪ ನೇರ ಮೆಟ್ಟಿಲು ಹತ್ತಿ, ತೊಟ್ಟಿಕ್ಕುವ ಚಿಂದಿಯನ್ನು ಎತ್ತಿ ಹಿಡಿದ. ಎಣ್ಣೆಯ ಹನಿ ಅವನ ಅಂಗಿಯ ಮೇಲೆಲ್ಲ ಬಿತ್ತು.

"ಕೇಳ್ರಲಾ! ಇಂಜಿನ್ನು ನಾಗೇಶ ಒಡ್ದಿಲ್ಲ! ನಾನು! ಚೇಂಬರ್ ಒಳಗೆ ಬಟ್ಟೆ ಬಿಟ್ಟು ಮುಚ್ದೋನು ನಾನು! ಅವತ್ತು ನಕ್ಕೋರೆಲ್ಲ ಇವಾಗ ನನ್ನ ನೋಡಿ ನಗ್ರಿ!"

ಯಾರೂ ನಗಲಿಲ್ಲ. "ಆಯ್ತು ಬುಡಣ್ಣ, ವಯಸ್ಸಾತು" ಎಂದ ವೆಂಕಟೇಶಪ್ಪ. ಆ ಸಮಾಧಾನದ ಮಾತು ಕದಿರಪ್ಪನಿಗೆ ಕಪಾಳಕ್ಕೆ ಬಿದ್ದಂತಾಯಿತು. ಬೈದಿದ್ದರೆ ವಾಸಿಯಿತ್ತು. ಆದರೂ ಮನೆಯ ಕಡೆ ನಡೆಯುತ್ತ, ಭಾರ ಇಳಿಸಿದೆ ಎಂದುಕೊಂಡ.

ನಾಗೇಶನಿಗೆ ಸುದ್ದಿ ಬಸ್‌ಸ್ಟಾಂಡಿನಲ್ಲೇ ಸಿಕ್ಕಿತ್ತು. ಬೈಕನ್ನು ಸ್ಟ್ಯಾಂಡ್ ಕೂಡ ಹಾಕದೆ ಗೋಡೆಗೆ ಒರಗಿಸಿ ನೇರ ಶೆಡ್ಡಿಗೆ ಬಂದ. ಅಪ್ಪನಿಗೆ ಮಗನ ಮುಖದಲ್ಲಿ ಸಮಾಧಾನ ಕಾಣುತ್ತದೆ ಎಂಬ ಆಸೆಯಿತ್ತು. ಕಂಡದ್ದು ಬೇರೆ.

"ಡೈರಿ ಮುಂದೆ ಯೇಳ್ದಂತೆ?"

"ಊಂ, ಯೇಳ್ದೆ. ಅಲ್ಲೇ ಬೈದಿದ್ದೆ, ಅಲ್ಲೇ ಯೇಳ್ದೆ."

"ನನ್ ಮುಂದೆ ಯಾಕಪ್ಪ ಯೇಳ್ಲಿಲ್ಲ? ಬೈಯೋಕೂ ಡೈರಿ, ತಪ್ಪು ಒಪ್ಕೊಳ್ಳೋಕೂ ಡೈರಿ! ನಿಂಗೆ ನಾನು ಯಾರು? ನಾಲ್ಕು ಜನ ನೋಡೋಕೆ ಇಟ್ಕೊಂಡಿರೋನಾ?"

"ಕೇಳ್ದೆ ಕಾರ್ ತಗೊಂಡೋದೋನು ನೀನಲ್ವಾ?"

"ಕೇಳಿದ್ರೆ ಕೊಡ್ತಿದ್ದಾ?" ನಾಗೇಶ್ ಬಾಗಿಲಿಗೆ ಕೈ ಬಡಿದ. "ಚಿಕ್ಕೋನಿದ್ದಾಗ ಈ ಬಾಗಿಲಲ್ಲಿ ನಿಂತ್ಕೊಂಡು ನೋಡ್ತಿದ್ದೆ. 'ಆಚೆ ಓಗು, ನಟ್ಟು ಕಳೆದಾಕ್ತೀಯಾ' ಅಂತಿದ್ದೆ. ಪರದೇಶಿ ಉಡುಗ್ರಿಗೆಲ್ಲ ಶೆಡ್ಡಲ್ಲಿ ಕೆಲ್ಸ ಕಲಿಸ್ದೆ. ಇವಾಗ ನನ್ ಎಂಡ್ತೀಗೂ ಕಲಿಸ್ತಾ ಇದೀಯಾ. ನಂಗೆ ಒಂದಿನ, ಒಂದೇ ಒಂದಿನ, ಬಾ ಇಲ್ಲಿ ಅಂದಿದ್ಯಾ?"

ಕದಿರಪ್ಪನಿಗೆ ಎದುರುತ್ತರ ನಾಲಿಗೆಯ ತುದಿಗೆ ಬಂದಿತ್ತು, ಆದರೆ ಅದರಲ್ಲಿ ನಿಜ ಇರಲಿಲ್ಲ. ನಾಗೇಶ್ ಮನೆಯೊಳಗೆ ಹೋಗಿ ಬಾಗಿಲು ಹಾಕಿಕೊಂಡ. ಅವನ ತಾಯಿ ವೆಂಕಟರತ್ನಮ್ಮ ಹೊಸ್ತಿಲಲ್ಲಿ ನಿಂತು ಗಂಡನ ಕಡೆ ನೋಡಿ, "ಉಣ್ಣು ಇವಾಗ" ಎಂದಳು.

ನಾಲ್ಕು ದಿನ ಮಾವ ಸೊಸೆ ಇಬ್ಬರೇ ಕೆಲಸ ಮಾಡಿದರು. ಕದಿರಪ್ಪ ಕಿರುಚುವುದನ್ನು ಬಿಟ್ಟಿದ್ದ. ಅರುಣಳಿಗೆ ಅದು ಇನ್ನೂ ಕಷ್ಟವಾಯಿತು. ವಾಲ್ವು ಉಜ್ಜಿದರು. ಚೇಂಬರು ತೊಳೆದು ಹೊಸ ಇಂಜಿನ್ನಿಗೆ ಕೂರಿಸಿದರು. ಮುಚ್ಚುವ ಮುಂಚೆ ಬಟ್ಟೆ ಎಣಿಸಿದರು.

ಭಾನುವಾರ ಇಂಜಿನ್ ಇಳಿಸುವ ದಿನ. ಗೇರ್‌ಬಾಕ್ಸಿನ ಹಲ್ಲಿನ ದಂಡ ಕ್ಲಚ್ಚಿನ ತೂತಿಗೆ ಕೂದಲೆಳೆಯಷ್ಟೂ ತಪ್ಪದೆ ನುಗ್ಗಬೇಕು. ಒಬ್ಬರು ಚೈನು ಹಿಡಿಯಬೇಕು, ಒಬ್ಬರು ಮುಂದಿನಿಂದ ಇಂಜಿನ್ ತಿರುಗಿಸಬೇಕು, ಒಬ್ಬರು ಕೆಳಗೆ ಮಲಗಿ ಕೈಯಲ್ಲೇ ದಾರಿ ತೋರಿಸಬೇಕು. ವೆಂಕಟರತ್ನಮ್ಮ ಚೈನು ಹಿಡಿದಳು, ಅರುಣ ಮುಂದೆ ನಿಂತಳು, ಕದಿರಪ್ಪ ಕೆಳಗೆ ಮಲಗಿದ. ಮೂರು ಸಲ ಪ್ರಯತ್ನಿಸಿದ. ಮೂರು ಸಲವೂ ಬೆರಳುಗಳು ಕುಣಿದು ದಂಡ ಪಕ್ಕಕ್ಕೆ ಜಾರಿತು. ನಾಲ್ಕನೆಯ ಸಲ ಇಂಜಿನ್ ವಾಲಿ ಹೆಬ್ಬೆರಳು ಜಜ್ಜಿತು.

ರಕ್ತ ಸುರಿಯುವ ಕೈಯಲ್ಲೇ ಎದ್ದು ಅಂಗಳಕ್ಕೆ ಬಂದ. ನಾಗೇಶ್ ಹಸುವಿಗೆ ನೀರು ಕುಡಿಸುತ್ತಿದ್ದ. ಸುತ್ತ ಯಾರೂ ಇರಲಿಲ್ಲ.

"ನಾಗೇಶ. ನನ್ ಕೈಲಿ ಆಗ್ತಾ ಇಲ್ಲ." ಹೆಬ್ಬೆರಳನ್ನು ಅಂಗಿಯ ತುದಿಗೆ ಒತ್ತಿಕೊಂಡ. "ತಪ್ಪು ನಂದು. ಬಾ ಇಲ್ಲಿ."

ನಾಗೇಶ್ ಬಕೆಟ್ಟನ್ನು ನೆಲಕ್ಕೆ ಬಡಿದು ಇಟ್ಟ. ಅಪ್ಪನ ಪಕ್ಕದಲ್ಲೇ ಹಾದು ಶೆಡ್ಡಿಗೆ ಹೋಗಿ ಕಾರಿನ ಕೆಳಗೆ ತೂರಿದ.

"ಇನ್ನೊಂಚೂರು ಎಡಕ್ಕೆ. ಅರುಣ, ತಿರುಗ್ಸು. ನಿಲ್ಸು!" ದನಿ ಮಾತ್ರ ಕೇಳುತ್ತಿತ್ತು. ಕದಿರಪ್ಪ ಚೈನು ಹಿಡಿದು, ಮುಂಗೈಗೆ ಸುತ್ತಿಕೊಂಡು, ಹಲ್ಲು ಕಚ್ಚಿ ನಿಂತಿದ್ದ. ಕಟಕ್ ಎಂದು ಸದ್ದಾಗಿ ಇಂಜಿನ್ ಹಿಂದಕ್ಕೆ ಸರಿದು ಗೇರ್‌ಬಾಕ್ಸಿಗೆ ಕೂತುಕೊಂಡಿತು.

ಮಧ್ಯಾಹ್ನ ಮೂರಕ್ಕೆ ಸೆಲ್ಫ್ ಹೊಡೆದರು. ಎರಡು ಸಲ ಕೆಮ್ಮಿ, ಹೊಗೆ ಉಗುಳಿ, ಹೊತ್ತಿಕೊಂಡಿತು. ಎಂಜಿಯ ಹಳೆಯ ದನಿಯಲ್ಲ, ಸ್ವಲ್ಪ ದಪ್ಪನೆಯದು. ಎಣ್ಣೆಯ ಸೂಜಿ ಮೇಲೇರಿ ನಿಂತಿತು.

"ನೀನು ಓಡ್ಸು" ಎಂದ ಕದಿರಪ್ಪ ಮಗನಿಗೆ.

"ನಂಗೆ ಬ್ಯಾಡ. ಇವತ್ತು ಒಂದಿನ ಕರೆದ್ರೆ ಎಲ್ಲ ಸರಿಯಾಗೋಯ್ತಾ?" ಎಂದು ನಾಗೇಶ್ ಕೈ ತೊಳೆಯಲು ಹೋದ.

ಅರುಣ ಸೆರಗು ಸಿಕ್ಕಿಸಿ ಸ್ಟೇರಿಂಗಿನ ಮುಂದೆ ಕೂತಳು. ಕದಿರಪ್ಪ, ಆ ಕಾರಿನಲ್ಲಿ ಮೊದಲ ಸಲ, ಎಡಗಡೆಯ ಸೀಟಿನಲ್ಲಿ ಕೂತ. ಬೇತಮಂಗಲದ ಕೆರೆ ಕಟ್ಟೆಯ ತನಕ ಹೋಗಿ ಬಂದರು. ದಾರಿಯುದ್ದಕ್ಕೂ ಅವನು ಮೀಟರನ್ನೇ ನೋಡುತ್ತಿದ್ದ.

ವಾಪಸು ಬಂದು ನಿಲ್ಲಿಸುವಾಗ ನಾಗೇಶ್ ಶೆಡ್ಡಿನ ಬಾಗಿಲಲ್ಲೇ ಇದ್ದ. ಬಗ್ಗಿ ಕಾರಿನ ತಳ ನೋಡಿದ.

"ಆಯಿಲ್ ಒಸರ್ತಾ ಐತೆ. ಚೇಂಬರಿನ ಇಂದ್ಗಡೆ ಮೂಲೇಲಿ. ಬೋಲ್ಟು ಟೈಟ್ ಮಾಡಿದ್ದು ಯಾರು?"

"ನಾನೇ. ಕೈಲಿ ಬಲ ಸಾಲ್ಲಿಲ್ಲ" ಎಂದ ಕದಿರಪ್ಪ.

"ಗೊತ್ತಿದ್ರೆ ಬಾಯ್ ಬಿಟ್ಟು ಯೇಳೋದಲ್ವಾ? ಇನ್ನೊಂದು ಇಂಜಿನ್ ಎಲ್ಲಿಂದ ತರ್ಲಿ?" ನಾಗೇಶ್ ಬೈಯುತ್ತಲೇ ಗೋಣಿಚೀಲ ಹಾಸಿ ಕೆಳಗೆ ಮಲಗಿ ಕೈ ಚಾಚಿದ. "ಯಾವ ಸೈಜು?"

"ಅರ್ಧ ಇಂಚು" ಎಂದ ಕದಿರಪ್ಪ. ಡಬ್ಬಿಯೊಳಗೆ ಸ್ಪ್ಯಾನರ್ ಹುಡುಕತೊಡಗಿದ. ತಡವಾಯಿತೆಂದು ಮಗ ಕೆಳಗಿನಿಂದ ಮತ್ತೊಮ್ಮೆ ರೇಗಿದ.