ಆಯುಧಪೂಜೆಗೆ ಬಿಚ್ಚಿದ ಜಾಲರಿ

ದಂಡಿಗನಹಳ್ಳಿ ಕಡೆಯ ಆ ನಾರಿನ ಮಿಲ್ಲಿನಲ್ಲಿ ಆಯುಧಪೂಜೆ ಬಲು ಜೋರು. ತೆಂಗಿನ ಸಿಪ್ಪೆಯಿಂದ ನಾರು ಬಿಡಿಸುವ ಮಿಷನ್ನನ್ನು ತೊಳೆಯಲೆಂದು ಮಾಲೀಕ ಸಿದ್ದೇಶ್ವರ ಅದರ ಬಾಯಿಗಿದ್ದ ಕಬ್ಬಿಣದ ಜಾಲರಿ ಬಿಚ್ಚಿಸಿದ. ಕುಂಕುಮ ಹಚ್ಚಿ, ಹಾರ ಹಾಕಿ, ಬೂದುಗುಂಬಳ ಒಡೆದದ್ದೂ ಆಯಿತು. ಜಾಲರಿ ಮಾತ್ರ ಗೋಡೆಗೆ ಒರಗಿದ್ದು ಒರಗಿಯೇ ಉಳಿಯಿತು. ಅದಿದ್ದರೆ ಸಿಪ್ಪೆ ನಿಧಾನಕ್ಕೆ ಹೋಗುತ್ತದಂತೆ! ಪೂಜೆ ಮಾಡಿಸಿಕೊಂಡ ಮಿಷನ್ನು ಯಾರನ್ನೂ ಕಚ್ಚುವುದಿಲ್ಲವೆಂದು ಆ ಮಹಾನುಭಾವ ನಂಬಿದ್ದನೋ ಏನೋ. ದೀಪಾವಳಿಗೆ ಮೊದಲೇ ಅದು ಸಿಪ್ಪೆ ಹಾಕುತ್ತಿದ್ದ ಪುಷ್ಪಾವತಿಯ ಬಲಗೈಯನ್ನು ಮಣಿಕಟ್ಟಿನವರೆಗೂ ನುಂಗಿತು.

"ಜಾಲ್ರಿ ಬಿಚ್ಚಿದ್ದು ಅವಳೇ" ಎಂದುಬಿಟ್ಟ ಸಿದ್ದೇಶ್ವರ. ಹಾಗೆಂದು ರುಜುವಾದರೆ ಹೊಣೆ ಅವನದಲ್ಲ, ಪರಿಹಾರವೂ ಇಲ್ಲ. ನಿಜ ಕಂಡಿದ್ದ ಮಿಲ್ಲಿನ ಹೆಂಗಸರೆಲ್ಲ ಬಾಯಿಗೆ ಬೀಗ ಹಾಕಿಕೊಂಡರು. ಗಂಡನಿಲ್ಲದ, ಮಕ್ಕಳಿಲ್ಲದ ಪುಷ್ಪಾವತಿಗೆ ಆ ಹೆಂಗಸರೇ ಬಳಗವಾಗಿದ್ದರು. ಈಗ ಎದುರಿಗೆ ಸಿಕ್ಕರೂ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸುತ್ತಿದ್ದರು. ಗಾಯವಾದಾಗಿನಿಂದ ದಿನಾ ಬಂದು ಜಡೆ ಹಾಕಿಕೊಡುತ್ತಿದ್ದ ಪುಟ್ಟತಾಯಮ್ಮನೂ ಬರುವುದನ್ನು ನಿಲ್ಲಿಸಿದಳು. ಕೈ ಹೋದದ್ದಕ್ಕಿಂತ ಅದೇ ಹೆಚ್ಚು ನೋಯುತ್ತಿತ್ತು.

ಪರಿಹಾರಕ್ಕೆ ಪುಷ್ಪಾವತಿ ಕೇಸು ಹಾಕಿದಾಗ ಹಾಸನದ ಕೋರ್ಟಿನಲ್ಲಿ ಮಾಲೀಕನ ಕಡೆಯ ಸಾಕ್ಷಿಯೆಂದು ಕಟಕಟೆ ಹತ್ತಿದವಳು ಅದೇ ಪುಟ್ಟತಾಯಮ್ಮ. ಬಂದದ್ದು ಅವನ ಕಾರಿನಲ್ಲೇ.

"ಜಾಲ್ರಿ ಇತ್ತು ಸಾ. ಅವ್ಳೇ ಬಿಚ್ಚಾಕಿದ್ಲು" ಎಂದು ಪುಟ್ಟತಾಯಮ್ಮ ಪಾಠ ಒಪ್ಪಿಸಿದಳು.

ಪುಷ್ಪಾವತಿಯ ವಕೀಲ ಅರುಣ್‌ಕುಮಾರ್ ಎದ್ದರು. "ಈಗ ಆ ಮಿಷನ್ ಹತ್ರ ಯಾರಮ್ಮ ನಿಲ್ಲೋದು?"

"ನಾನೇ ಸಾ."

"ಸಿಪ್ಪೆ ಸಿಕ್ಕಾಕ್ಕೊಂಡ್ರೆ ಏನ್ಮಾಡ್ತೀರಿ?"

"ಕೈ ಆಕಿ ಎಳ್ದಾಕ್ತೀನಿ ಸಾ."

"ಜಾಲರಿ ಇರುವಾಗ ಕೈ ಹೇಗಮ್ಮ ಹೋಗುತ್ತೆ?"

"ಎಲ್ಲೈತೆ ಸಾ ಜಾಲ್ರಿ? ಪೂಜೆಗೆ ಅಂತ ಯಜಮಾನ್ರು ಬಿಚ್ಚುಸ್ದೋರು ಮತ್ತೆ ಆಕ್ಸೇ ಇಲ್ವಲ್ಲ!"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಸಿದ್ದೇಶ್ವರನ ಮುಖ ಕಪ್ಪಿಟ್ಟಿತು.

"ಇನ್ನು ಅವರು ತಪ್ಪಿಸಿಕೊಳ್ಳೋ ಹಾಗಿಲ್ಲ" ಎಂದು ಹೊರಗೆ ಅರುಣ್‌ಕುಮಾರ್ ನಗುತ್ತ ಹೇಳಿದರು. ಆ ಖುಷಿ ಹಂಚಿಕೊಳ್ಳಲು ಪುಷ್ಪಾವತಿ ಸುತ್ತ ನೋಡಿದಳು. ಯಾರೂ ಇರಲಿಲ್ಲ.

ಸಿದ್ದೇಶ್ವರ ಪುಟ್ಟತಾಯಮ್ಮನನ್ನು ಅಲ್ಲೇ ಬಿಟ್ಟು ಹೊರಟುಹೋಗಿದ್ದ. ಇಬ್ಬರೂ ಒಂದೇ ಬಸ್ಸು ಹತ್ತಿದರು. ಪುಟ್ಟತಾಯಮ್ಮ ಮುಂದಿನ ಸೀಟಿನಲ್ಲಿ ಕೂತು ಊರು ಬರುವವರೆಗೂ ಹಿಂತಿರುಗಿ ನೋಡಲಿಲ್ಲ. ಇಳಿದ ಮೇಲೆ ಪುಷ್ಪಾವತಿಯೇ ಓಡಿಹೋಗಿ ಅಡ್ಡ ನಿಂತಳು.

"ಅಕ್ಕ, ನಿನ್ನಿಂದ ನಂಗೆ ನ್ಯಾಯ ಸಿಕ್ತು ಕಣಕ್ಕ."

"ನಾಳಿಂದ ಬರ್ಬ್ಯಾಡ ಅಂದ ಕಣೇ ಅವ್ನು."

"ಕೆಲ್ಸ ಓದ್ರೆ ಓಗ್ಲಿ ಬಿಡಕ್ಕ. ನಿನ್ ಕೈಯಾದ್ರೂ ಉಳೀತಲ್ಲ."

ಪುಟ್ಟತಾಯಮ್ಮ ಎರಡೂ ಅಂಗೈ ಮುಂದೆ ಚಾಚಿದಳು. "ಉಳ್ದೈತೆ. ಮಾಲೀಕ್ರ ಮ್ಯಾಲೆ ಸಾಕ್ಷಿ ಯೋಳ್ದೋಳ್ನ ಇನ್ಯಾವ್ ಮಿಲ್ಲೋರು ಸೇರುಸ್ಕಂತಾರೆ? ಈ ಕೈ ಇಟ್ಕಂಡು ಏನ್ ಮಾಡ್ಲಿ, ನೀನೇ ಯೋಳು."

ಉತ್ತರಕ್ಕೂ ಕಾಯದೆ ಪುಟ್ಟತಾಯಮ್ಮ ಸೆರಗು ಸರಿಮಾಡಿಕೊಳ್ಳುತ್ತ ಮುಂದೆ ನಡೆದಳು.