ಮನೆಯಲ್ಲೇ ಫ್ರೀ ಇರುವವಳು

ಮೂರನೆಯ ಮಹಡಿಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ಕೂತಿದ್ದ ಅವಳನ್ನು ಬೀದಿಗೆ ಬೀದಿಯೇ ಟೈಲರಕ್ಕ ಎಂದು ಕರೆಯುತ್ತಿತ್ತು. ಬಾಗಿಲು ತೆಗೆದ ಹೊತ್ತಿನಿಂದ ಅವಳ ಕಿವಿಗೆ ಅತಿ ಹೆಚ್ಚು ಬೀಳುತ್ತಿದ್ದ ಇಂಗ್ಲಿಷ್ ಮಾತೆಂದರೆ ಫ್ರೀ. ಕಂಕುಳ ಹತ್ತಿರ ಸ್ವಲ್ಪ ಫ್ರೀ ಬಿಡಿ ಅನ್ನುವವರು ಒಬ್ಬರಾದರೆ, ಪ್ಯಾಂಟು ಗಿಡ್ಡ ಮಾಡಿಸಿಕೊಂಡು, ಬಿದ್ದ ಗುಂಡಿ ಹಾಕಿಕೊಟ್ಟಿದ್ದು ಫ್ರೀ ತಾನೇ ಎಂದು ಹಲ್ಲು ಕಿರಿಯುವವರು ಇನ್ನೊಬ್ಬರು. ಕೆಳಮನೆಯ ಹೆಂಗಸು, ಫ್ರೀ ಇದ್ರೆ ಒಂದು ಗಳಿಗೆ ನೋಡ್ಕೊಳ್ಳಿ ಎಂದು ಮಗುವನ್ನು ಬಿಟ್ಟುಹೋದರೆ ಸಂಜೆಯವರೆಗೆ ಅತ್ತ ಸುಳಿಯುತ್ತಿರಲಿಲ್ಲ. ಒಂದೇ ಮಾತು, ಬಂದವರೆಲ್ಲ ತಮಗೆ ಬೇಕಾದ ಹಾಗೆ ತೊಟ್ಟುಕೊಂಡು ಬರುತ್ತಿದ್ದರು.

ಒಳಕೋಣೆಯಲ್ಲಿ ಅಪ್ಪ ಇದ್ದ. ಕಾರ್ಖಾನೆಯ ಬಾಯ್ಲರ್ ಮುಂದೆ ಜೀವ ಸವೆಸಿದವನು. ಲಕ್ವ ಹೊಡೆದು ಎಡಗಡೆ ಕೈಕಾಲು ಬಿದ್ದುಹೋಗಿ ಆರು ವರ್ಷವಾಗಿತ್ತು. ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ಡಾಕ್ಟರು ಬಂದು, ಮೋಷನ್ ಫ್ರೀಯಾಗಿ ಆಗ್ತಿದೆಯಾ ಎಂದು ಕೇಳಿದರೆ, "ಈ ಮನೇಲಿ ಫ್ರೀ ಇಲ್ಲದೇ ಇರೋದು ಅದೊಂದೇ, ಡಾಕ್ಟ್ರೇ" ಅನ್ನುತ್ತಿದ್ದ. ಡಾಕ್ಟರು ನಗುತ್ತಿದ್ದರು. ಅವಳು ಬಕೆಟ್ ಎತ್ತಿಕೊಂಡು ಬಚ್ಚಲಿಗೆ ಹೋಗುತ್ತಿದ್ದಳು. ಅಪ್ಪನನ್ನು ಹೊರಳಿಸುವುದು, ಒರೆಸುವುದು, ಉಣಿಸುವುದು, ನಡುನಡುವೆ ಬಂದು ಯಂತ್ರ ತುಳಿಯುವುದು. ರಾತ್ರಿ ಹಾಸಿಗೆಗೆ ಬಿದ್ದಾಗ ಬೆನ್ನೆಂಬುದು ತನ್ನದೋ ಬೇರೆಯವರದೋ ತಿಳಿಯುತ್ತಿರಲಿಲ್ಲ.

ಹೀಗಿರುವಾಗ, ದೊಡ್ಡ ಹೋಟೆಲೊಂದರ ಲಾಂಡ್ರಿ ನೋಡಿಕೊಳ್ಳುವ ಹೆಂಗಸು ಒಂದು ಕೋಟು ಸರಿಮಾಡಿಸಲು ಬಂದಳು. ಕೋಟು ತಿರುವಿ ಒಳಹೊಲಿಗೆಯ ಮೇಲೆ ಬೆರಳಾಡಿಸಿ, ನಮ್ಮಲ್ಲಿ ಪರದೆ, ಹಾಸು, ಕೆಲಸದವರ ಬಟ್ಟೆ ರಿಪೇರಿಗೆ ಒಬ್ಬರು ಬೇಕು, ಬರ್ತೀರಾ ಎಂದು ಕೇಳಿದಳು. ವಾರಕ್ಕೆ ಐದು ದಿನ, ಬೆಳಕಿರುವ ಕೋಣೆ, ಜೊತೆಗೆ ಇನ್ನಿಬ್ಬರು ಹೊಲಿಯುವವರು. ಆ ಕೊನೆಯ ಮಾತು ಟೈಲರಕ್ಕನ ಮನಸ್ಸಿಗೆ ನಾಟಿತು. ಕೆಲಸ ಮಾಡುತ್ತಾ ಪಕ್ಕದವಳ ಜೊತೆ ಹಾಳು ಹರಟೆ ಹೊಡೆದು ಎಷ್ಟು ಕಾಲವಾಗಿತ್ತು.

ಭಾನುವಾರ ತಮ್ಮ ಬಂದ. ಊರಿನ ಆಚೆ ಬದಿಯಲ್ಲಿ ಅವನಿಗೆ ಲಿಫ್ಟ್ ಇರುವ ಮನೆ. ತಿಂಗಳಿಗೊಮ್ಮೆ ಹಣ್ಣು ತಂದು, ಅಪ್ಪನ ಮಂಚದ ಪಕ್ಕ ಕೂತು, ಫೋನು ನೋಡಿಕೊಂಡು ಹೋಗುವವನು. ಅವಳು ಹೋಟೆಲಿನ ಕೆಲಸದ ವಿಷಯ ಹೇಳಿ, ವಾರದ ದಿನಗಳಲ್ಲಿ ಅಪ್ಪನನ್ನು ನೀನು ಇಟ್ಟುಕೊಳ್ಳುತ್ತೀಯಾ ಎಂದು ಕೇಳಿದಳು. ತಮ್ಮ ಫೋನಿನಿಂದ ತಲೆ ಎತ್ತಿದ.

"ನಾವಿಬ್ರೂ ಕೆಲಸಕ್ಕೆ ಹೋಗೋರಲ್ವಾ ಅಕ್ಕಾ? ನೀನಾದ್ರೆ ಮನೇಲೇ ಫ್ರೀ ಇರ್ತೀಯ."

ಅವಳ ಮಡಿಲಲ್ಲಿ ಯಾರದೋ ಅರ್ಧ ಬಿಚ್ಚಿದ ಪ್ಯಾಂಟು ಇತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿದ್ದಳು. ಅದನ್ನು ತೆಗೆಯದೆ ಪ್ಯಾಂಟಿನ ಹೊಲಿಗೆ ಬಿಚ್ಚುವುದನ್ನು ಮುಂದುವರಿಸಿದಳು. ಅವನು ಕೆಟ್ಟವನಲ್ಲ. ಹೋಗುವಾಗ, ಏನಾದ್ರೂ ಬೇಕಿದ್ರೆ ಫ್ರೀಯಾಗಿ ಕೇಳು, ಸಂಕೋಚ ಬೇಡ ಎಂದು ಹೇಳಿಯೇ ಹೋದ.

ಬಾಗಿಲು ಹಾಕಿಕೊಂಡು ಒಳಗೆ ಬಂದರೆ ಅಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ್ದ. ಎಲ್ಲ ಕೇಳಿಸಿಕೊಂಡಿದ್ದ.

"ಹೋಟೆಲ್‌ನೋರಿಗೆ ಹೂಂ ಅನ್ನು."

"ನಿನ್ನನ್ನ ಯಾರು ನೋಡ್ಕೋತಾರಪ್ಪಾ?"

"ಹೆತ್ತಿರೋದು ನಿನ್ನೊಬ್ಬಳನ್ನೇ ಅಲ್ವಲ್ಲ. ಒಂದು ಟ್ಯಾಕ್ಸಿ ಹೇಳು, ಸಾಕು."

ಅವಳು ಕೂತುಬಿಟ್ಟಳು. ಅಪ್ಪ ಅವಳ ಕಡೆ ತಿರುಗಲಿಲ್ಲ. ಕೆಮ್ಮಿದ ಹಾಗೆ ಮಾಡಿ, "ನಿನ್ನ ಕಾಲು ಊದಿರೋದು ನಂಗೆ ಕಾಣಲ್ಲ ಅಂದ್ಕೊಂಡಿದ್ದೀಯಾ?" ಎಂದ.

ಮುಂದಿನ ಭಾನುವಾರ ಪಕ್ಕದ ಮನೆಯ ಬಡಗಿಯೂ ಟ್ಯಾಕ್ಸಿಯವನೂ ಸೇರಿ ಅಪ್ಪನನ್ನು ಕುರ್ಚಿಯ ಸಮೇತ ಮೂರು ಮಹಡಿ ಇಳಿಸಿದರು. ಔಷಧಿಯ ಚೀಲ, ರಬ್ಬರ್ ಹಾಳೆ, ಊರುಗೋಲು ಡಿಕ್ಕಿಗೆ ಹೋದವು. ದಾರಿಯುದ್ದಕ್ಕೂ ಅಪ್ಪ ಕಿಟಕಿಯಾಚೆ ನೋಡುತ್ತಾ, ಆ ಅಂಗಡಿ ಎಲ್ಲಿ ಹೋಯಿತು, ಈ ಸೇತುವೆ ಯಾವಾಗ ಆಯಿತು ಎಂದು ಕೇಳುತ್ತಲೇ ಇದ್ದ. ಅವಳು ಅರ್ಧ ದಾರಿಯಲ್ಲಿ ವಾಪಸ್ ಹೋಗೋಣ ಎಂದು ಬಾಯಿಗೆ ಬಂದ ಮಾತನ್ನು ನುಂಗಿಕೊಂಡಳು.

ಬಾಗಿಲು ತೆಗೆದವಳು ತಮ್ಮನ ಹೆಂಡತಿ. ಫೋನ್ ಮಾಡಿ ಬರಬಾರದಿತ್ತೇ ಅತ್ತಿಗೆ ಎಂದು ಅವಳು ತಡವರಿಸುವಷ್ಟರಲ್ಲಿ ಹಿಂದಿನಿಂದ ತಮ್ಮ ಬಂದ. ಕುರ್ಚಿಯಲ್ಲಿ ಅಪ್ಪ, ಪಕ್ಕದಲ್ಲಿ ಚೀಲಗಳು. ಅವನ ಮುಖ ಬಿಳಿಚಿಕೊಂಡಿತು. ಮಾತಾಡಿದವನು ಅಪ್ಪನೇ.

"ಡೆಲಿವರಿ ಫ್ರೀ ಕಣೋ. ವಾಪಸ್ ಕಳಿಸೋದಾದ್ರೆ ಖರ್ಚು ನಿಂದು."

ಯಾರೂ ನಗಲಿಲ್ಲ. ತಮ್ಮನ ಹೆಂಡತಿ ಬಾಗಿ ಚೀಲವೊಂದನ್ನು ಎತ್ತಿಕೊಂಡಳು.

ಆ ವಾರ ಎರಡು ಮನೆಯ ನಡುವೆ ಫೋನಿನಲ್ಲಿ ಸಾಕಷ್ಟು ಮಾತಾಯಿತು, ಒಂದಿಷ್ಟು ಕೆಟ್ಟ ಮಾತೂ ಆಯಿತು. ಕೊನೆಗೆ ಸೋಮವಾರದಿಂದ ಶುಕ್ರವಾರ ಅಲ್ಲಿ, ಶನಿವಾರ ಭಾನುವಾರ ಇಲ್ಲಿ ಎಂದಾಯಿತು. ಹಗಲು ಅಪ್ಪನನ್ನು ನೋಡಿಕೊಳ್ಳಲು ತಮ್ಮ ಸಂಬಳಕ್ಕೆ ಒಬ್ಬಳನ್ನು ಗೊತ್ತುಮಾಡಿದ. ಉಳಿದ ಹೊತ್ತು ಗಂಡಹೆಂಡತಿ ಪಾಳಿ ಹಾಕಿಕೊಂಡರು. ಟೈಲರಕ್ಕ ಹೋಟೆಲಿಗೆ ಹೋಗತೊಡಗಿದಳು. ಹರಿದ ಹಾಸುಗಳಿಗೆ ಅಂಚು ಕೂರಿಸುವುದು, ಪರದೆಗೆ ಕೊಕ್ಕೆ ಹಾಕುವುದು. ಸುಖದ ಕೆಲಸವೇನಲ್ಲ. ಸಂಜೆ ಬಸ್ಸಿನಲ್ಲಿ ನಿಂತೇ ಬಂದು, ಖಾಲಿ ಮನೆಯ ದೀಪ ಹಾಕಿ, ಅಪ್ಪನ ಮಂಚದ ಮೇಲೆ ಕೂತರೆ ಏಳಲಾಗುತ್ತಿರಲಿಲ್ಲ. ದಣಿವು ಇಳಿಯಲು ಆರು ವರ್ಷವೇ ಬೇಕೇನೋ ಅನ್ನಿಸುತ್ತಿತ್ತು. ಮಧ್ಯಾಹ್ನ ಮಾತ್ರ ಪಕ್ಕದ ಯಂತ್ರದವಳು ತನ್ನ ಗಂಡನ ಗೊರಕೆಯನ್ನು ಅಣಕಿಸಿ ತೋರಿಸುವಾಗ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು.

ಒಂದು ಶುಕ್ರವಾರ ಸಂಜೆ ಅಪ್ಪನನ್ನು ಕರೆತರಲು ಹೋದಾಗ ತಮ್ಮ ಬಾಗಿಲಲ್ಲೇ ನಿಂತಿದ್ದ. ಗಡ್ಡ ಬೋಳಿಸಿರಲಿಲ್ಲ, ಕಣ್ಣು ಗುಳಿಬಿದ್ದಿತ್ತು, ಒಂದು ಕೈ ಸೊಂಟದ ಮೇಲಿತ್ತು.

"ಅಕ್ಕಾ, ಒಬ್ಬಳೇ ಹೇಗೆ ಎತ್ತುತ್ತಿದ್ದೆ ನೀನು?"

ಅವಳ ಹತ್ತಿರ ಹೇಳುವುದು ಬೇಕಾದಷ್ಟಿತ್ತು. ಆದರೆ ಇಡೀ ದಿನ ಹೊಲಿದು ಬಂದಿದ್ದಳು.

"ತೋಳು ಹಿಡಿದು ಎಳೀಬೇಡ. ಮೊದಲು ಮಂಡಿ ಮಡಿಸು, ಆಮೇಲೆ ಪಕ್ಕಕ್ಕೆ ಹೊರಳಿಸು" ಎಂದು ಹೇಳಿ, ಚಪ್ಪಲಿ ಕಳಚಿ, ತೋರಿಸಲು ಒಳಗೆ ಹೋದಳು.